ತಲೆಮಾರಿನ ಸಂಜೆಯಲ್ಲಿ ಪ್ಲೇಸ್ಟೇಷನ್ 4: ಕೊಳ್ಳುವುದರಿಂದ ಕಾಪಾಡಿಕೊಳ್ಳುವವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಟಿವಿಗೆ ಜೋಡಿಸಿ ಆಡುವ ಸೋನಿಯ ಗೇಮ್ ಕನ್ಸೋಲ್ ಪ್ಲೇಸ್ಟೇಷನ್ 4 ಭಾರತದ ಅಂಗಡಿಗಳಿಗೆ ಬಂದದ್ದು 2014ರ ಜನವರಿಯಲ್ಲಿ. ಆಗ ಅದರ ಬೆಲೆ 39,990 ರೂಪಾಯಿ. ಅದರ ಜಾಗಕ್ಕೆ ಬಂದ ಪ್ಲೇಸ್ಟೇಷನ್ 5 ನಮ್ಮಲ್ಲಿ ಮಾರಾಟಕ್ಕೆ ಬಂದದ್ದು 2021ರ ಫೆಬ್ರವರಿ 2ರಂದು. ಲೆಕ್ಕದ ಪ್ರಕಾರ ಹಳೆಯ ತಲೆಮಾರು ಅಂದೇ ಮುಗಿಯಬೇಕಿತ್ತು, ಆದರೆ ಗೇಮ್ ಕನ್ಸೋಲ್‌ಗಳ ತಲೆಮಾರು ಹೊಸ ಯಂತ್ರ ಬಂದ ದಿನವೇ ಮುಗಿಯುವುದಿಲ್ಲ. 2000ದಲ್ಲಿ ಹುಟ್ಟಿದ ಪ್ಲೇಸ್ಟೇಷನ್ 2ಕ್ಕೆ 2013ರಲ್ಲಿಯೂ ಫುಟ್‌ಬಾಲ್ ಆಟ ಬಿಡುಗಡೆಯಾಗಿತ್ತು. ಪ್ಲೇಸ್ಟೇಷನ್ 4ರ ವಿಷಯದಲ್ಲಿಯೂ ಹಾಗೆಯೇ ಆಯಿತು: ಹೊಸ ಯಂತ್ರ ನಮ್ಮಲ್ಲಿಗೆ ಬಂದು ಒಂದು ವರ್ಷ ಕಳೆದ ಮೇಲೆ, 2022ರಲ್ಲಿ, ಗ್ರಾನ್ ಟುರಿಸ್ಮೊ 7, ಹೊರೈಜನ್ ಫರ್ಬಿಡನ್ ವೆಸ್ಟ್, ಎಲ್ಡನ್ ರಿಂಗ್, ಗಾಡ್ ಆಫ್ ವಾರ್ ರಾಗ್ನರಾಕ್ ಎಲ್ಲವೂ ಹಳೆಯ ಯಂತ್ರಕ್ಕೂ ಬಂದವು.

ಈ ಹೊತ್ತಿನಲ್ಲಿ ಇಂತಹ ಕನ್ಸೋಲ್ ಕೊಳ್ಳುವವರಿಗೆ, ಅಥವಾ ಮನೆಯಲ್ಲಿ ಈಗಾಗಲೇ ಇರುವುದನ್ನು ಇನ್ನಷ್ಟು ವರ್ಷ ಓಡಿಸಬೇಕೆನ್ನುವವರಿಗೆ ಒಂದು ಅನುಕೂಲವೂ ಒಂದು ಅನನುಕೂಲವೂ ಒಟ್ಟಿಗೇ ಸಿಗುತ್ತವೆ. ಯಾವ ಆಟ ಚೆನ್ನಾಗಿದೆ, ಯಾವುದು ಕೈಕೊಟ್ಟಿತು, ಯಾವ ಮಾದರಿಯ ಯಂತ್ರದಲ್ಲಿ ಯಾವ ರೋಗ ಎನ್ನುವುದೆಲ್ಲ ಈಗ ಗೊತ್ತಿರುವ ವಿಷಯ, ಇದು ಅನುಕೂಲ. ಆದರೆ ಯಂತ್ರ ಹಳೆಯದಾಗುತ್ತಿದೆ, ಅದಕ್ಕೆ ಬೇಕಾದ ಸರ್ವರ್‌ಗಳು ಶಾಶ್ವತವಲ್ಲ. ಆದ್ದರಿಂದ ಈ ಬರಹದುದ್ದಕ್ಕೂ ನಾನು ಪಾಲಿಸಿರುವ ಕ್ರಮ ಒಂದೇ: ಸರ್ವರ್ ಬೇಕಾಗುವ ಕೆಲಸಗಳನ್ನೆಲ್ಲ ಸರ್ವರ್ ಇರುವಾಗಲೇ ಮುಗಿಸಿಬಿಡುವುದು, ಆಟವಾಡುವ ಕೆಲಸವನ್ನು ನಿಧಾನವಾಗಿ ಮಾಡುವುದು. ನಮ್ಮಲ್ಲಿ ಹೆಚ್ಚಿನವರು ಇದನ್ನು ತಿರುಗಿಸಿ ಮಾಡುತ್ತಾರೆ.

ಯಾವ ಮಾದರಿ

ಪ್ಲೇಸ್ಟೇಷನ್ 4ರಲ್ಲಿ ಮೂರು ಬಗೆಗಳಿವೆ. ಮಾದರಿ ಸಂಖ್ಯೆಯನ್ನು ಯಂತ್ರದ ಮೇಲಂಟಿಸಿದ ಚೀಟಿಯಲ್ಲಿ ಮುದ್ರಿಸಿರುತ್ತಾರೆ. ಮಾರುವವರು ಬಾಯಲ್ಲಿ ಹೇಳುವುದಕ್ಕಿಂತ ಆ ಸಂಖ್ಯೆಯನ್ನು ನಂಬುವುದು ಲೇಸು. ಸಿಯುಎಚ್-1000ದಿಂದ 1200ರವರೆಗಿನವು ಮೂಲ ಮಾದರಿ, 2000ದಿಂದ 2200ರವರೆಗಿನವು 2016ರಲ್ಲಿ ಬಂದ ಸ್ಲಿಮ್, 7000ದಿಂದ 7200ರವರೆಗಿನವು ಅದೇ ವರ್ಷ ಬಂದ ಪ್ರೊ.

ಮೂಲ ಮಾದರಿಯ ಮೊದಲ ಎರಡು ಸರಣಿಗಳಲ್ಲಿ (1000 ಮತ್ತು 1100) ಆನ್ ಮಾಡುವ ಮತ್ತು ಡಿಸ್ಕ್ ಹೊರತೆಗೆಯುವ ಗುಂಡಿಗಳು ಮುಟ್ಟಿದರೆ ಸ್ಪಂದಿಸುವ ಬಗೆಯವು. ವರ್ಷಗಳು ಕಳೆದಂತೆ ಯಂತ್ರದ ಅಡಿಯಲ್ಲಿರುವ ರಬ್ಬರ್ ಕಾಲು ಸಡಿಲವಾಗಿ ಅಥವಾ ಉಬ್ಬಿಕೊಂಡು, ಯಾರೂ ಮುಟ್ಟದಿದ್ದರೂ ಯಂತ್ರ ಬೀಪ್ ಎನ್ನುತ್ತ ಡಿಸ್ಕ್ ಹೊರಗೆ ತಳ್ಳತೊಡಗುವುದು ಇವುಗಳ ಹೆಸರಾಂತ ಕಾಯಿಲೆ. 1200ರಲ್ಲಿ ಒತ್ತುವ ಗುಂಡಿಗಳು ಬಂದವು, ಆ ತೊಂದರೆ ಹೋಯಿತು. ಮೂಲ ಮಾದರಿಗಳೆಲ್ಲಕ್ಕೂ ಇರುವ ಇನ್ನೊಂದು ಕೊರತೆಯೆಂದರೆ ಅವುಗಳ ವೈಫೈ 2.4 ಗಿಗಾಹರ್ಟ್ಸ್‌ಗೆ ಸೀಮಿತ; ಅಪಾರ್ಟ್‌ಮೆಂಟ್‌ಗಳಲ್ಲಿ, ಹತ್ತು ಮನೆಯ ರೂಟರ್‌ಗಳು ಒಂದೇ ಅಲೆಯಲ್ಲಿ ಕಿತ್ತಾಡುವಲ್ಲಿ, ಡೌನ್‌ಲೋಡ್ ತೆವಳುತ್ತದೆ. ಅಂತಹ ಯಂತ್ರವಿದ್ದರೆ ಲ್ಯಾನ್ ಕೇಬಲ್ ಎಳೆಯುವುದೊಂದೇ ಸರಿಯಾದ ಪರಿಹಾರ. ಸ್ಲಿಮ್ ಮತ್ತು ಪ್ರೊಗಳಿಗೆ 5 ಗಿಗಾಹರ್ಟ್ಸ್ ವೈಫೈ ಇದೆ.

ನನ್ನ ಆಯ್ಕೆ ಹೇಳುವುದಾದರೆ, ಸಾಧಾರಣ ಫುಲ್ ಎಚ್‌ಡಿ ಟಿವಿ ಇರುವವರಿಗೆ ಸ್ಲಿಮ್ ಸಾಕು. ಅದು ಕಡಿಮೆ ವಿದ್ಯುತ್ ಬಳಸುತ್ತದೆ (ಗರಿಷ್ಠ 165 ವಾಟ್, ಮೂಲ ಮಾದರಿಯದು 250, ಮೊದಲ ಪ್ರೊ ಮಾದರಿಯದು 310), ಕಡಿಮೆ ಬಿಸಿಯಾಗುತ್ತದೆ. ಹಳೆಯ ಹೋಮ್ ಥಿಯೇಟರ್‌ಗೆ ಆಪ್ಟಿಕಲ್ ತಂತಿ ಹಾಕುವವರು ಮಾತ್ರ ಸ್ಲಿಮ್‌ನಲ್ಲಿ ಆ ಪೋರ್ಟ್ ಇಲ್ಲವೆಂಬುದನ್ನು ಮೊದಲೇ ತಿಳಿದಿರಬೇಕು. 4ಕೆ ಟಿವಿ ಇದ್ದು, 2020ರ ಆಚೆಗಿನ ದೊಡ್ಡ ಆಟಗಳನ್ನು ಆಡುವ ಉದ್ದೇಶವಿದ್ದರೆ ಪ್ರೊ ಹುಡುಕಬೇಕು, ಅದರಲ್ಲಿಯೂ ಸದ್ದು ಕಡಿಮೆಯಿರುವ 7200 ಸರಣಿ ಸಿಕ್ಕರೆ ಉತ್ತಮ. ಪ್ರೊ 4ಕೆ ಚಿತ್ರ ಕೊಡುತ್ತದೆಯಾದರೂ 4ಕೆ ಬ್ಲೂರೇ ಸಿನಿಮಾ ಡಿಸ್ಕ್‌ಗಳನ್ನು ಓದುವುದಿಲ್ಲ ಎನ್ನುವುದು ಹಲವರಿಗೆ ಕೊಂಡ ಮೇಲೆ ಗೊತ್ತಾಗುತ್ತದೆ.

ಸೆಕೆಂಡ್ ಹ್ಯಾಂಡ್ ಯಂತ್ರವನ್ನು ಪರೀಕ್ಷಿಸುವುದು

ಈಗ ಸಿಗುವ ಯಂತ್ರಗಳಲ್ಲಿ ಬಹುಪಾಲು ಬಳಸಿದಂಥವೇ. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಂತಹ ಕಡೆ ಕೊಂಡರೂ, ಓಎಲ್‌ಎಕ್ಸ್‌ನಲ್ಲಿ ಯಾರದೋ ಮನೆಗೆ ಹೋಗಿ ಕೊಂಡರೂ, ಐದು ನಿಮಿಷ ಆನ್ ಮಾಡಿ ತೋರಿಸಿದ್ದನ್ನು ಪರೀಕ್ಷೆಯೆಂದು ಒಪ್ಪಿಕೊಳ್ಳಬಾರದು. ಪ್ಲೇಸ್ಟೇಷನ್ 4 ತಣ್ಣಗಿರುವಾಗ ಎಲ್ಲವೂ ಸರಿಯಾಗಿಯೇ ಇರುತ್ತದೆ. ಒಂದು ಭಾರವಾದ ಆಟದ ಡಿಸ್ಕನ್ನು ನೀವೇ ಒಯ್ದು, ಕನಿಷ್ಠ ಅರ್ಧ ಗಂಟೆ ಆಡಿ ನೋಡಬೇಕು. ಫ್ಯಾನ್ ಸದ್ದು ಏರುವುದು ಸಹಜ, ಆದರೆ ವಿಮಾನ ಮೇಲೇರುವ ಹಾಗೆ ಅರಚಿ ಕೆಳಗಿಳಿಯದೆ ನಿಂತರೆ ಒಳಗೆ ಧೂಳು ತುಂಬಿದೆ ಅಥವಾ ಚಿಪ್ಪಿನ ಬಿಸಿಯನ್ನು ಹೊರಸಾಗಿಸಲು ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿದೆ ಎಂದರ್ಥ. ಇದು ಸರಿಪಡಿಸಬಹುದಾದ ದೋಷ, ಬೆಲೆ ಇಳಿಸಲು ಒಳ್ಳೆಯ ಕಾರಣ. ಅದಕ್ಕೆ ಬದಲಾಗಿ ಮುಂಭಾಗದ ದೀಪ ನೀಲಿಯಾಗಿ ಮಿನುಗುತ್ತಲೇ ಇದ್ದು ಬಿಳಿಯಾಗದೆ ಯಂತ್ರ ಆರಿಹೋದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಡಿಸ್ಕನ್ನು ನಾಲ್ಕೈದು ಸಲ ಹಾಕಿ ತೆಗೆಯಿರಿ. ಡ್ರೈವ್ ಹಾಳಾದರೆ ಬದಲಾಯಿಸುವುದು ಅಂಗಡಿಯವರು ಹೇಳುವಷ್ಟು ಸುಲಭವಲ್ಲ, ಏಕೆಂದರೆ ಹಳೆಯ ಮಾದರಿಗಳಲ್ಲಿ ಡ್ರೈವ್‌ನ ಸರ್ಕ್ಯೂಟ್ ಬೋರ್ಡು ಅದೇ ಯಂತ್ರದ ಮದರ್‌ಬೋರ್ಡಿಗೆ ಜೋಡಿಯಾಗಿರುತ್ತದೆ. ಬೇರೆ ಯಂತ್ರದ ಡ್ರೈವನ್ನು ಬೋರ್ಡಿನ ಸಮೇತ ತಂದು ಕೂರಿಸಿದರೆ ಅದು ಆಟದ ಡಿಸ್ಕ್‌ಗಳನ್ನು ಓದುವುದಿಲ್ಲ. ಎಚ್‌ಡಿಎಂಐ ತಂತಿಯನ್ನು ಸಿಕ್ಕಿಸಿ ಮೆಲ್ಲಗೆ ಅಲುಗಾಡಿಸಿ, ಚಿತ್ರ ಹೋಗಿ ಬರುತ್ತಿದ್ದರೆ ಪೋರ್ಟ್ ಸಡಿಲವಾಗಿದೆ. ಎಲ್ಲ ಯುಎಸ್‌ಬಿ ಪೋರ್ಟ್‌ಗಳಲ್ಲಿಯೂ ಕಂಟ್ರೋಲರ್ ಚಾರ್ಜ್ ಆಗುತ್ತದೆಯೇ ನೋಡಿ. ಕಡೆಯದಾಗಿ, ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ನಿಮ್ಮದೇ ಪಿಎಸ್‌ಎನ್ (ಸೋನಿಯ ಆನ್‌ಲೈನ್ ಸೇವೆಯಾದ ಪ್ಲೇಸ್ಟೇಷನ್ ನೆಟ್‌ವರ್ಕ್) ಖಾತೆಯಿಂದ ಲಾಗಿನ್ ಆಗಿ. ಆ ಸೇವೆಯಿಂದ ಸೋನಿ ನಿಷೇಧಿಸಿದ ಯಂತ್ರವಾಗಿದ್ದರೆ ಅಲ್ಲೇ ಬಯಲಾಗುತ್ತದೆ. ಈ ಪರೀಕ್ಷೆಗೆ ಮಾರುವವರು ಒಪ್ಪದಿದ್ದರೆ ಅಲ್ಲಿಂದ ಎದ್ದು ಬರುವುದೇ ಕ್ಷೇಮ.

ಧೂಳು, ಜಿರಳೆ ಮತ್ತು ಮಳೆಗಾಲ

ಮನೆಗೆ ತಂದ ಯಂತ್ರವನ್ನು ಮೊದಲು ಶುಚಿ ಮಾಡಬೇಕು. ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ: ಪ್ಲೇಸ್ಟೇಷನ್ 4ರ ಒಳಗೆ ಜಿರಳೆ ಸೇರಿಕೊಳ್ಳುತ್ತದೆ. ಗಾಳಿಕಂಡಿಗಳು ಅಗಲವಾಗಿವೆ, ಪವರ್ ಸಪ್ಲೈ ಒಳಗೇ ಇರುವುದರಿಂದ ಯಾವಾಗಲೂ ಬೆಚ್ಚಗಿರುತ್ತದೆ. ಜಿರಳೆಗೆ ಇದಕ್ಕಿಂತ ಒಳ್ಳೆಯ ಮನೆ ಬೇಕೆ? ಪವರ್ ಸಪ್ಲೈಯೊಳಗೆ ಸತ್ತುಬಿದ್ದ ಜಿರಳೆಯಿಂದ ಶಾರ್ಟ್ ಆಗಿ ಯಂತ್ರ ಸಾಯುವುದು ರಿಪೇರಿಯವರಿಗೆ ಹೊಸತಲ್ಲ. ಸೆಕೆಂಡ್ ಹ್ಯಾಂಡ್ ಯಂತ್ರ ತಂದವರು ಅದನ್ನು ಟಿವಿಯ ಬಳಿ ಇಡುವ ಮೊದಲು ಬಾಲ್ಕನಿಯಲ್ಲಿಯೋ ಅಂಗಳದಲ್ಲಿಯೋ ಕಂಡಿಗಳಿಗೆ ಟಾರ್ಚ್ ಹಿಡಿದು ನೋಡಬೇಕು. ಕೀಟನಾಶಕದ ಸ್ಪ್ರೇಯನ್ನು ಯಾವ ಕಾರಣಕ್ಕೂ ಯಂತ್ರದೊಳಗೆ ಹೊಡೆಯಬಾರದು. ಯಂತ್ರವಿರುವ ಕಪಾಟಿನ ಮೂಲೆಯಲ್ಲಿ ಜಿರಳೆ ಜೆಲ್ ಇಡುವುದು ಸರಿಯಾದ ದಾರಿ.

ಹೊರಗಿನ ಧೂಳಿಗೆ ಕೈಯಲ್ಲಿ ಹಿಡಿಯುವ ಬ್ಲೋವರ್ ಸಾಕು. ಗಾಳಿ ಬಿಡುವಾಗ ಫ್ಯಾನ್ ತಿರುಗದಂತೆ ತಡೆಹಿಡಿಯಬೇಕು, ಇಲ್ಲದಿದ್ದರೆ ಅದರ ಬೇರಿಂಗ್ ಹಾಳಾಗುತ್ತದೆ. ಐದಾರು ವರ್ಷ ದಾಟಿದ ಯಂತ್ರಕ್ಕೆ ಹೊರಗಿನ ಗಾಳಿ ಸಾಲದು. ಒಮ್ಮೆ ಪೂರ್ತಿ ಬಿಚ್ಚಿಸಿ, ಥರ್ಮಲ್ ಪೇಸ್ಟ್ ಬದಲಾಯಿಸಬೇಕು. ಇದಕ್ಕೆ ನಕ್ಷತ್ರದಾಕಾರದ ಟಾರ್ಕ್ಸ್ ಸ್ಕ್ರೂಡ್ರೈವರ್ ಬೇಕು, ತಾಳ್ಮೆಯೂ ಬೇಕು. ಲ್ಯಾಪ್‌ಟಾಪ್ ಬಿಚ್ಚಿ ಅಭ್ಯಾಸವಿಲ್ಲದವರು ಕನ್ಸೋಲ್ ರಿಪೇರಿ ಮಾಡುವವರಲ್ಲಿಗೇ ಒಯ್ಯಲಿ, ಆದರೆ ಒಯ್ದಾಗ ಮದರ್‌ಬೋರ್ಡಿನ ಮೇಲಿರುವ ಸಿಆರ್2032 ಗುಂಡಿ ಬ್ಯಾಟರಿಯನ್ನೂ ಅದೇ ಕೈಯಲ್ಲಿ ಬದಲಾಯಿಸಲು ಹೇಳಲಿ. ಗಡಿಯಾರವನ್ನು ನಡೆಸುವ ಆ ಬ್ಯಾಟರಿ ಸತ್ತು, ಜೊತೆಗೆ ಇಂಟರ್ನೆಟ್ ಸಂಪರ್ಕವೂ ಇಲ್ಲದಿದ್ದರೆ ಆಟಗಳೇ ತೆರೆದುಕೊಳ್ಳದ ತೊಂದರೆ ಒಂದು ಕಾಲದಲ್ಲಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಬಂದ 9.00 ಆವೃತ್ತಿಯ ಸಿಸ್ಟಮ್ ಸಾಫ್ಟ್‌ವೇರ್ ಅದನ್ನು ಸರಿಪಡಿಸಿತು. ಹಾಗಾಗಿ ಈಗ ಅದು ಪ್ರಾಣಾಂತಿಕವಲ್ಲ, ಆದರೂ ಯಂತ್ರ ಹೇಗೂ ಬಿಚ್ಚಿರುವಾಗ ಅಷ್ಟು ಸಣ್ಣ ಖರ್ಚಿಗೆ ಹಿಂಜರಿಯಬಾರದು.

ಯಂತ್ರವನ್ನು ಗಾಜಿನ ಬಾಗಿಲಿನ ಷೋಕೇಸ್‌ನಲ್ಲಿಟ್ಟು ಬೀಗ ಹಾಕುವ ಪದ್ಧತಿ ನಮ್ಮ ಮನೆಗಳಲ್ಲಿ ಇದೆ. ಬಿಸಿ ಗಾಳಿ ಹಿಂಬದಿಯಿಂದ ಹೊರಬೀಳುವುದರಿಂದ ಹಿಂದೆ ಒಂದು ಗೇಣಿನಷ್ಟಾದರೂ ಜಾಗ ಬಿಡಬೇಕು. ಮಲೆನಾಡು ಮತ್ತು ಕರಾವಳಿಯಲ್ಲಿರುವವರು ಮಳೆಗಾಲದಲ್ಲಿ ಯಂತ್ರವನ್ನು ತಿಂಗಳುಗಟ್ಟಲೆ ಮುಚ್ಚಿಡುವ ಬದಲು ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿದರೆ ಒಳಗಿನ ತೇವ ಆರುತ್ತದೆ.

ಹಾರ್ಡ್ ಡಿಸ್ಕ್ ಬದಲಾಯಿಸುವುದು

ಯಂತ್ರದಲ್ಲಿ ಮೊದಲು ಸಾಯುವ ಭಾಗ ಸಾಮಾನ್ಯವಾಗಿ ಇದೇ. ಪ್ಲೇಸ್ಟೇಷನ್ 4ರೊಳಗಿರುವುದು ಲ್ಯಾಪ್‌ಟಾಪ್‌ಗಳಲ್ಲಿ ಬಳಸುತ್ತಿದ್ದ 2.5 ಇಂಚಿನ ಸಾಟಾ ಹಾರ್ಡ್ ಡಿಸ್ಕ್, ಬಹುಪಾಲು 500 ಜಿಬಿ ಅಥವಾ 1 ಟಿಬಿ. ಮೆನು ತೆರೆಯಲು ತಡವಾಗುವುದು, ಆಟ ನಡುನಡುವೆ ಕಲ್ಲಾಗಿ ನಿಲ್ಲುವುದು, ಡೇಟಾ ಕೆಟ್ಟಿದೆ ಎಂಬ ಸಂದೇಶ ಮತ್ತೆ ಮತ್ತೆ ಬರುವುದು ಅದರ ಮುಪ್ಪಿನ ಲಕ್ಷಣಗಳು. ಇದರ ಬದಲು ಅದೇ ಅಳತೆಯ, ಒಳಗೆ ತಿರುಗುವ ಭಾಗವಿಲ್ಲದ ವೇಗದ ಸಾಟಾ ಎಸ್‌ಎಸ್‌ಡಿ ಹಾಕಿದರೆ ಆಟಗಳು ಬೇಗ ತೆರೆದುಕೊಳ್ಳುತ್ತವೆ, ಮೆನು ಚುರುಕಾಗುತ್ತದೆ. ಆಟದ ಚಿತ್ರಗುಣವಂತೂ ಬದಲಾಗುವುದಿಲ್ಲ. ಕೊಳ್ಳುವಾಗ ದಪ್ಪ 9.5 ಮಿಲಿಮೀಟರ್ ಮೀರದಿರಲಿ. ಚೂಯಿಂಗ್ ಗಮ್ ಪಟ್ಟಿಯಂತಿರುವ ಎಂ.2 ಎಸ್‌ಎಸ್‌ಡಿ ಇದಕ್ಕೆ ಹಿಡಿಸುವುದಿಲ್ಲ.

ಈ ಕೆಲಸಕ್ಕೆ ಯಂತ್ರವನ್ನು ಪೂರ್ತಿ ಬಿಚ್ಚಬೇಕಾಗಿಲ್ಲ, ಒಂದು ಫಿಲಿಪ್ಸ್ ಸ್ಕ್ರೂಡ್ರೈವರ್ ಸಾಕು. ಕ್ರಮ ತಪ್ಪಬಾರದು, ಅಷ್ಟೇ.

1. ಟ್ರೋಫಿಗಳನ್ನು (ಆಟದಲ್ಲಿನ ಸಾಧನೆಗೆ ಸಿಕ್ಕ ಪದಕಗಳನ್ನು) ಪಿಎಸ್‌ಎನ್‌ನೊಂದಿಗೆ ಸಿಂಕ್ ಮಾಡಿ. ಸಿಸ್ಟಮ್ ಬ್ಯಾಕಪ್‌ನಲ್ಲಿ ಟ್ರೋಫಿಗಳು ಸೇರುವುದಿಲ್ಲ.

2. ಸೆಟ್ಟಿಂಗ್ಸ್‌ನಲ್ಲಿ ಅಪ್ಲಿಕೇಷನ್ ಸೇವ್ಡ್ ಡೇಟಾ ಮ್ಯಾನೇಜ್‌ಮೆಂಟ್ ತೆರೆದು, ಎಲ್ಲ ಸೇವ್‌ಗಳನ್ನು (ಆಟದಲ್ಲಿ ಎಲ್ಲಿಯವರೆಗೆ ಬಂದಿದ್ದೀರಿ ಎಂಬ ದಾಖಲೆಗಳನ್ನು) ಪೆನ್‌ಡ್ರೈವ್‌ಗೆ ನಕಲು ಮಾಡಿ. ಪೆನ್‌ಡ್ರೈವ್ ಎಫ್‌ಎಟಿ32 ಅಥವಾ ಎಕ್ಸ್‌ಫ್ಯಾಟ್ ರೂಪದಲ್ಲಿರಬೇಕು. ಈ ಸೇವ್‌ಗಳು ನಿಮ್ಮ ಪಿಎಸ್‌ಎನ್ ಖಾತೆಗೆ ಕಟ್ಟುಬಿದ್ದಿರುತ್ತವೆ, ಬೇರೆಯವರ ಖಾತೆಯಲ್ಲಿ ತೆರೆಯುವುದಿಲ್ಲ.

3. ಕಂಪ್ಯೂಟರಿನಲ್ಲಿ ಸೋನಿಯ ಅಧಿಕೃತ ಪುಟದಿಂದ ಸಿಸ್ಟಮ್ ಸಾಫ್ಟ್‌ವೇರ್‌ನ ಕಡತವನ್ನು ಇಳಿಸಿಕೊಳ್ಳಿ. ಅಲ್ಲಿ ಎರಡು ಕಡತಗಳಿರುತ್ತವೆ: ಒಂದು ಬರಿಯ ಅಪ್‌ಡೇಟ್‌ಗೆ, ಇನ್ನೊಂದು ಹೊಸದಾಗಿ ಸ್ಥಾಪಿಸುವುದಕ್ಕೆ. ಬೇಕಾಗುವುದು ಎರಡನೆಯದು, ಗಾತ್ರದಲ್ಲಿ ದೊಡ್ಡದು, 1 ಜಿಬಿಗೂ ಹೆಚ್ಚು. ಹೆಚ್ಚಿನವರು ಎಡವುವುದು ಇಲ್ಲಿಯೇ. ಪೆನ್‌ಡ್ರೈವ್‌ನಲ್ಲಿ ಫೋಲ್ಡರುಗಳ ಹೆಸರನ್ನು ಆ ಪುಟದಲ್ಲಿ ಹೇಳಿರುವಂತೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಕೊಡಬೇಕು.

4. ಯಂತ್ರವನ್ನು ರೆಸ್ಟ್ ಮೋಡ್‌ಗೆ (ಅರೆನಿದ್ದೆಯ ಸ್ಥಿತಿಗೆ) ಹಾಕದೆ ಪೂರ್ತಿ ಆಫ್ ಮಾಡಿ, ತಂತಿಗಳನ್ನೆಲ್ಲ ಕೀಳಿ. ಮೂಲ ಮಾದರಿಯಲ್ಲಿ ಮೇಲಿನ ಹೊಳೆಯುವ (1200ರಲ್ಲಿ ಹೊಳಪಿಲ್ಲದ) ಮುಚ್ಚಳವನ್ನು ಪಕ್ಕಕ್ಕೆ ಸರಿಸಿದರೆ, ಸ್ಲಿಮ್ ಮತ್ತು ಪ್ರೊಗಳಲ್ಲಿ ಹಿಂಬದಿಯ ಸಣ್ಣ ಮುಚ್ಚಳ ತೆಗೆದರೆ ಡಿಸ್ಕ್ ಕಾಣುತ್ತದೆ. ಅದನ್ನು ಹಿಡಿದಿರುವುದು ಕಂಟ್ರೋಲರ್‌ನ ನಾಲ್ಕು ಗುರುತುಗಳಿರುವ ಒಂದೇ ಸ್ಕ್ರೂ.

5. ಹೊಸ ಎಸ್‌ಎಸ್‌ಡಿ ಕೂರಿಸಿ, ಕಂಟ್ರೋಲರನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ, ಪೆನ್‌ಡ್ರೈವ್ ಸಿಕ್ಕಿಸಿ. ಪವರ್ ಗುಂಡಿಯನ್ನು ಎರಡನೆಯ ಬೀಪ್ ಕೇಳುವವರೆಗೆ, ಸುಮಾರು ಏಳು ಸೆಕೆಂಡು, ಒತ್ತಿ ಹಿಡಿದರೆ ಸೇಫ್ ಮೋಡ್ ಬರುತ್ತದೆ. ಅಲ್ಲಿ ಏಳನೆಯ ಆಯ್ಕೆಯೇ ಸಿಸ್ಟಮ್ ಸಾಫ್ಟ್‌ವೇರ್ ಮರುಸ್ಥಾಪನೆ.

ಅದೇ ಪಟ್ಟಿಯ ಐದನೆಯ ಆಯ್ಕೆ, ಅಂದರೆ ಡೇಟಾಬೇಸ್ ಮರುರಚನೆ, ಯಾವ ಆಟವನ್ನೂ ಅಳಿಸದೆ ಯಂತ್ರದ ಒಳಗಿನ ಪಟ್ಟಿಯನ್ನು ಮತ್ತೆ ಜೋಡಿಸುತ್ತದೆ. ಯಂತ್ರ ನಿಧಾನವಾದಾಗ ಹೊಸ ಡಿಸ್ಕ್ ಕೊಳ್ಳುವ ಮೊದಲು ಇದನ್ನೊಮ್ಮೆ ಮಾಡಿ ನೋಡುವುದು ಒಳ್ಳೆಯದು. ಆದರೆ ಐದರ ಬದಲು ಆರು ಅಥವಾ ಏಳನ್ನು ಒತ್ತಿದರೆ ಎಲ್ಲವೂ ಹೋಗುತ್ತದೆ. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ, ಬ್ಯಾಕಪ್ ಆಗಿದೆಯೆಂದು ನಂಬಿಕೊಂಡು, ಎರಡು ವರ್ಷದ ಸೇವ್‌ಗಳನ್ನು ನಾನೇ ಹೀಗೆ ಕಳೆದುಕೊಂಡಿದ್ದೇನೆ. ಪೆನ್‌ಡ್ರೈವ್ ತೆರೆದು ನೋಡಿದರೆ ಒಂದೇ ಒಂದು ಆಟದ ಸೇವ್ ಇತ್ತು. ಆದ್ದರಿಂದ ಎರಡನೆಯ ಹೆಜ್ಜೆ ಮುಗಿದ ಮೇಲೆ ಪೆನ್‌ಡ್ರೈವ್‌ನಲ್ಲಿರುವುದನ್ನು ಎಣಿಸಿಯೇ ಮುಂದುವರಿಯಬೇಕು.

ಒಳಗಿನದನ್ನು ಮುಟ್ಟಲು ಹೆದರುವವರು ಯುಎಸ್‌ಬಿ 3.0 ಬಾಹ್ಯ ಡಿಸ್ಕ್ ಜೋಡಿಸಬಹುದು. 250 ಜಿಬಿಯಿಂದ 8 ಟಿಬಿಯವರೆಗೆ ಯಂತ್ರ ಒಪ್ಪುತ್ತದೆ. ಇದು ಜಾಗದ ಕೊರತೆಗೆ ಪರಿಹಾರವೇ ಹೊರತು ಮುಪ್ಪಾದ ಒಳಡಿಸ್ಕ್‌ಗೆ ಔಷಧವಲ್ಲ.

ಜಾಗದ ಮಾತು ಬಂದುದರಿಂದ ಇನ್ನೊಂದು ವಿಷಯ. ಪ್ಲೇಸ್ಟೇಷನ್ 4 ಅಪ್‌ಡೇಟ್ ಹಾಕುವಾಗ ಆಟವನ್ನು ಇನ್ನೊಮ್ಮೆ ನಕಲು ಮಾಡಿಕೊಳ್ಳುತ್ತದೆ. ಹಾಗಾಗಿ 100 ಜಿಬಿಯ ಆಟಕ್ಕೆ 2 ಜಿಬಿಯ ಅಪ್‌ಡೇಟ್ ಬಂದರೂ ಇನ್ನೂ 100 ಜಿಬಿಯಷ್ಟು ಖಾಲಿ ಜಾಗ ಕೇಳುವುದುಂಟು, ಆ ನಕಲು ಹಳೆಯ ಡಿಸ್ಕ್‌ನಲ್ಲಿ ಗಂಟೆಗಟ್ಟಲೆ ಹಿಡಿಯುವುದೂ ಉಂಟು. ಡಿಸ್ಕನ್ನು ತುಂಬಿ ತುಳುಕುವಂತೆ ಇಟ್ಟುಕೊಳ್ಳಬಾರದು ಎನ್ನುವುದಕ್ಕೆ ಇದೇ ಕಾರಣ.

ಸರ್ವರ್ ಇರುವಾಗಲೇ ಮಾಡಬೇಕಾದ ಕೆಲಸ

ಆಟದ ಡಿಸ್ಕ್ ಕೈಯಲ್ಲಿದ್ದರೆ ಆಟ ಎಂದೆಂದಿಗೂ ನಮ್ಮದು ಎಂಬ ನಂಬಿಕೆ ಈ ತಲೆಮಾರಿನಲ್ಲಿ ಅರ್ಧ ಮಾತ್ರ ನಿಜ. ಡಿಸ್ಕ್‌ನಲ್ಲಿ ಅಚ್ಚಾಗಿರುವುದು ಬಿಡುಗಡೆಗೆ ವಾರಗಳ ಮುಂಚಿನ ರೂಪ. ಅತಿರೇಕದ ಉದಾಹರಣೆಯೆಂದರೆ 2015ರ ಟೋನಿ ಹಾಕ್ಸ್ ಪ್ರೊ ಸ್ಕೇಟರ್ 5: ಡಿಸ್ಕ್‌ನಲ್ಲಿದ್ದುದು 4.6 ಜಿಬಿ, ಮೊದಲ ದಿನದ ಅಪ್‌ಡೇಟ್ 7.7 ಜಿಬಿ. ಆ ಅಪ್‌ಡೇಟ್ ಕೊಡುವ ಸರ್ವರ್ ಒಂದು ದಿನ ನಿಂತರೆ ಉಳಿಯುವುದು ತುಂಡು ಆಟ.

ಸರ್ವರ್‌ಗಳು ನಿಲ್ಲುತ್ತವೆಯೇ? ನಿಂಟೆಂಡೊ 3ಡಿಎಸ್ ಎಂಬ ಗೇಮ್ ಯಂತ್ರದ ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲಿ, ಎಕ್ಸ್‌ಬಾಕ್ಸ್ 360ರದು 2024ರ ಜುಲೈನಲ್ಲಿ ಮುಚ್ಚಿದವು. ಪ್ಲೇಸ್ಟೇಷನ್ 3ರ ಅಂಗಡಿಯನ್ನು ಮುಚ್ಚುವುದಾಗಿ ಸೋನಿ 2021ರ ಮಾರ್ಚ್‌ನಲ್ಲಿ ಹೇಳಿ, ಆಟಗಾರರ ವಿರೋಧ ಕಂಡು ಮುಂದಿನ ತಿಂಗಳೇ ಹಿಂದೆಗೆಯಿತು. ಅಂಗಡಿ ಮುಚ್ಚಿದರೂ ಕೊಂಡ ಆಟಗಳ ಮರುಡೌನ್‌ಲೋಡ್ ಸ್ವಲ್ಪ ಕಾಲ ನಡೆಯುವುದು ವಾಡಿಕೆ, ಆದರೆ ವಾಡಿಕೆಯ ಮೇಲೆ ಭರವಸೆಯಿಡುವುದಕ್ಕಿಂತ ಕೆಲಸ ಮುಗಿಸಿಕೊಳ್ಳುವುದು ಮೇಲು.

ಮಾಡಬೇಕಾದದ್ದು ಇಷ್ಟು. ಸಿಸ್ಟಮ್ ಸಾಫ್ಟ್‌ವೇರನ್ನು ಇತ್ತೀಚಿನ ಆವೃತ್ತಿಗೆ ತನ್ನಿ. ಇಟ್ಟುಕೊಳ್ಳಬೇಕೆಂದಿರುವ ಪ್ರತಿ ಡಿಸ್ಕನ್ನೂ, ಈಗ ಆಡುವುದಿಲ್ಲವಾದರೂ, ಒಮ್ಮೆ ಸ್ಥಾಪಿಸಿ ಅಪ್‌ಡೇಟ್ ಪೂರ್ತಿಯಾಗಲು ಬಿಡಿ. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಗಿನ ಹೊತ್ತಿಗೆ ಮುಗಿದಿರುತ್ತದೆ. ದೊಡ್ಡ ಬಾಹ್ಯ ಡಿಸ್ಕ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಈ ಯಂತ್ರವನ್ನು ನಿಮ್ಮ ಪ್ರೈಮರಿ ಪಿಎಸ್4 ಎಂದು ಸಕ್ರಿಯಗೊಳಿಸಿ, ಆಗ ಡಿಜಿಟಲ್ ಆಗಿ ಕೊಂಡ ಆಟಗಳು ಇಂಟರ್ನೆಟ್ ಇಲ್ಲದಾಗಲೂ ತೆರೆಯುತ್ತವೆ, ಮನೆಯ ಬೇರೆಯವರ ಖಾತೆಯಲ್ಲಿಯೂ ತೆರೆಯುತ್ತವೆ. ಬಳಿಕ ಲ್ಯಾನ್ ತಂತಿ ಕಿತ್ತು, ವೈಫೈ ಆರಿಸಿ, ಮುಖ್ಯವಾದ ಆಟಗಳನ್ನು ಒಂದೊಂದಾಗಿ ತೆರೆದು ನೋಡಿ.

ಆನ್‌ಲೈನ್ ಆಡಲು, ಪ್ರತಿ ತಿಂಗಳು ಕೆಲವು ಆಟ ಪಡೆಯಲು ಸೋನಿಗೆ ಕಟ್ಟುವ ಪ್ಲೇಸ್ಟೇಷನ್ ಪ್ಲಸ್ ಚಂದಾ ಕುರಿತು ಒಂದೆರಡು ಮಾತು. ಚಂದಾದ ಮೂಲಕ ಸಿಕ್ಕ ಆಟಗಳು ಚಂದಾ ಮುಗಿದ ದಿನ ಬೀಗ ಹಾಕಿಕೊಳ್ಳುತ್ತವೆ. ತಿಂಗಳ ಆಟಗಳಲ್ಲಿ ಪಿಎಸ್4 ಆಟಗಳು 2026ರ ಜನವರಿಯಿಂದ ಪ್ರಮುಖ ಸೌಲಭ್ಯವಾಗಿ ಉಳಿಯುವುದಿಲ್ಲವೆಂದು ಸೋನಿ ಒಂದು ವರ್ಷ ಮೊದಲೇ ತಿಳಿಸಿತ್ತು. ಗೆಳೆಯರೊಂದಿಗೆ ಆನ್‌ಲೈನ್ ಆಡುವ ಅಗತ್ಯವಿಲ್ಲದವರು ಆ ಹಣದಲ್ಲಿ ಡಿಸ್ಕ್ ಕೊಳ್ಳುವುದೇ ಲಾಭ ಎಂದು ನನ್ನ ಅಭಿಪ್ರಾಯ. ಫೋರ್ಟ್‌ನೈಟ್‌ನಂತಹ ಉಚಿತ ಆಟಗಳ ಆನ್‌ಲೈನ್‌ಗೆ ಚಂದಾ ಬೇಕಿಲ್ಲ.

ಯಾವ ಆಟಗಳನ್ನು ಕೊಳ್ಳಬೇಕು

ತಲೆಮಾರಿನ ಕೊನೆಯಲ್ಲಿ ಎರಡು ಬಗೆಯ ದೊಡ್ಡ ಆಟಗಳು ಬರುತ್ತವೆ. ಒಂದು, ಈ ಯಂತ್ರವನ್ನೇ ಕಣ್ಣಮುಂದಿಟ್ಟುಕೊಂಡು, ಅದರ ಮೂಲೆಮೂಲೆಯನ್ನೂ ಅರಿತವರು ಮಾಡಿದವು: 2018ರ ಗಾಡ್ ಆಫ್ ವಾರ್, ರೆಡ್ ಡೆಡ್ ರಿಡೆಂಪ್ಷನ್ 2, 2020ರ ದಿ ಲಾಸ್ಟ್ ಆಫ್ ಅಸ್ ಎರಡನೆಯ ಭಾಗ ಮತ್ತು ಘೋಸ್ಟ್ ಆಫ್ ಸುಷಿಮಾ. ಇನ್ನೊಂದು, ಮುಂದಿನ ಯಂತ್ರಕ್ಕೆ ಕಲ್ಪಿಸಿಕೊಂಡು ಹಿಂದಿನದಕ್ಕೆ ತುರುಕಿದವು. 2020ರ ಡಿಸೆಂಬರ್‌ನಲ್ಲಿ ಬಂದ ಸೈಬರ್‌ಪಂಕ್ 2077 ಇದಕ್ಕೆ ಪಾಠದಂತಿದೆ: ಪಿಎಸ್4ರಲ್ಲಿ ಅದರ ಸ್ಥಿತಿ ಎಷ್ಟು ಹದಗೆಟ್ಟಿತ್ತೆಂದರೆ ಸೋನಿ ಅದನ್ನು ಸುಮಾರು ಒಂದು ವಾರದಲ್ಲೇ ತನ್ನ ಅಂಗಡಿಯಿಂದ ತೆಗೆದು, ಮರುವರ್ಷ ಜೂನ್‌ನಲ್ಲಿ ವಾಪಸು ತಂದಾಗಲೂ ಪ್ರೊ ಅಥವಾ ಪಿಎಸ್5ರಲ್ಲಿ ಆಡುವುದು ಒಳಿತೆಂದು ಎಚ್ಚರಿಸಿತು. ಆಟಕ್ಕೆ 2023ರಲ್ಲಿ ಬಂದ ದೊಡ್ಡ ವಿಸ್ತರಣೆ ಪಿಎಸ್4ಕ್ಕೆ ಬರಲೇ ಇಲ್ಲ. ಹೊರೈಜನ್ ಫರ್ಬಿಡನ್ ವೆಸ್ಟ್‌ನ ವಿಸ್ತರಣೆಯೂ ಪಿಎಸ್5ಕ್ಕೆ ಮಾತ್ರ ಬಂತು. ಮೊದಲನೆಯ ಬಗೆಯವನ್ನು ಕಣ್ಣು ಮುಚ್ಚಿ ಕೊಳ್ಳಬಹುದು; ಎರಡನೆಯ ಬಗೆಯವನ್ನು ಅದೇ ಮಾದರಿಯ ಯಂತ್ರದಲ್ಲಿ ಓಡುವ ವಿಡಿಯೊ ನೋಡಿದ ಮೇಲೆ ಕೊಳ್ಳಬೇಕು.

ಹಳೆಯ ಡಿಸ್ಕ್ ಕೊಳ್ಳುವಾಗ ಎಲ್ಲ ವಿಸ್ತರಣೆಗಳನ್ನೂ ಸೇರಿಸಿ ಆಮೇಲೆ ಹೊರತಂದ ಕಂಪ್ಲೀಟ್ ಆವೃತ್ತಿ ಇದೆಯೇ ಎಂದು ಮೊದಲು ಹುಡುಕಿ. ದಿ ವಿಚರ್ 3, ಹೊರೈಜನ್ ಜೀರೊ ಡಾನ್‌ಗಳಿಗೆ ಅಂಥವು ಇವೆ. ರೆಡ್ ಡೆಡ್ ರಿಡೆಂಪ್ಷನ್ 2 ಮತ್ತು ದಿ ಲಾಸ್ಟ್ ಆಫ್ ಅಸ್ ಎರಡನೆಯ ಭಾಗಕ್ಕೆ ಎರಡೆರಡು ಡಿಸ್ಕ್ ಇರುವುದರಿಂದ ಡಬ್ಬಿ ತೆರೆದು ಎಣಿಸಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಆಟಕ್ಕೆ ಇಂಟರ್ನೆಟ್ ಕಡ್ಡಾಯವೇ ಎಂದು ತಿಳಿದುಕೊಳ್ಳಿ. ಯೂಬಿಸಾಫ್ಟ್‌ನ ದಿ ಕ್ರ್ಯೂ ಎಂಬ 2014ರ ಕಾರಿನ ಆಟದ ಸರ್ವರ್‌ಗಳು 2024ರ ಮಾರ್ಚ್ 31ರಂದು ನಿಂತವು. ಅಂದಿನಿಂದ ಆ ಡಿಸ್ಕ್ ಲೋಟದ ಕೆಳಗಿಡಲು ಮಾತ್ರ ಯೋಗ್ಯ. ಅದೇ ವರ್ಷದ ಡ್ರೈವ್‌ಕ್ಲಬ್‌ನ ಸರ್ವರ್ 2020ರಲ್ಲಿ ನಿಂತರೂ ಒಬ್ಬರೇ ಆಡುವ ಭಾಗ ಇಂದಿಗೂ ಓಡುತ್ತದೆ. ಅಂಗಡಿಯ ರಾಶಿಯಲ್ಲಿ ಎರಡೂ ಅಕ್ಕಪಕ್ಕದಲ್ಲಿ ಒಂದೇ ಬೆಲೆಗೆ ಕೂತಿರಬಹುದು.

ಕಂಟ್ರೋಲರ್

ಪಿಎಸ್4ರ ಕಂಟ್ರೋಲರ್ ಆದ ಡ್ಯುಯಲ್‌ಶಾಕ್ 4ರೊಳಗಿನ 1000 ಎಂಎಎಚ್ ಬ್ಯಾಟರಿ ಹೊಸದಿದ್ದಾಗಲೇ ಹೆಚ್ಚು ಬಾಳಿಕೆ ಕೊಡುತ್ತಿರಲಿಲ್ಲ; ಈಗ ಎರಡು ಗಂಟೆಗೇ ಸುಸ್ತಾದರೆ ಆಶ್ಚರ್ಯವಿಲ್ಲ. ಹಿಂಬದಿಯ ನಾಲ್ಕು ಸ್ಕ್ರೂ ಬಿಚ್ಚಿ ಹೊಸ ಬ್ಯಾಟರಿ ಹಾಕುವುದು ಮನೆಯಲ್ಲೇ ಆಗುವ ಕೆಲಸ, ಎರಡು ಭಾಗಗಳನ್ನು ಕೂಡಿಸುವ ಪಟ್ಟಿ ತಂತಿ ಹರಿಯದಂತೆ ನಿಧಾನವಾಗಿ ತೆರೆದರಾಯಿತು. ಹೆಬ್ಬೆರಳಿನಿಂದ ತಿರುಗಿಸುವ ಕಡ್ಡಿಯನ್ನು ಮುಟ್ಟದಿದ್ದರೂ ಆಟದ ಪಾತ್ರ ತಾನೇ ನಡೆಯತೊಡಗಿದರೆ ಮೊದಲು ಕಡ್ಡಿಯ ಬುಡಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್‌ನ ಒಂದೆರಡು ಹನಿ ಬಿಟ್ಟು ತಿರುಗಿಸಿ ನೋಡಿ. ಇದು ತಾತ್ಕಾಲಿಕ. ಕಾಯಂ ಪರಿಹಾರವೆಂದರೆ ಕಡ್ಡಿಯ ಮಾಡ್ಯೂಲನ್ನೇ ಬದಲಾಯಿಸುವುದು. ಅದು ಬೆಸುಗೆಯ ಕೆಲಸವಾದುದರಿಂದ ಮೊಬೈಲ್ ರಿಪೇರಿಯ ನುರಿತ ಕೈಗಳು ಮಾಡಿಕೊಡುತ್ತವೆ. ಮಾರುಕಟ್ಟೆಯಲ್ಲಿ ನಕಲಿ ಕಂಟ್ರೋಲರ್‌ಗಳು ವಿಪರೀತವಾಗಿವೆ. ಒರಿಜಿನಲ್ ಹಳೆಯದಿದ್ದರೆ ಅದನ್ನೇ ರಿಪೇರಿ ಮಾಡಿಸುವುದು, ಹೊಸ ನಕಲಿ ಕೊಳ್ಳುವುದಕ್ಕಿಂತ ಬುದ್ಧಿವಂತಿಕೆ.

ಕರೆಂಟು

ಯಂತ್ರ ಡಿಸ್ಕ್‌ಗೆ ಬರೆಯುತ್ತಿರುವಾಗ ಕರೆಂಟು ಹೋದರೆ ಡೇಟಾ ಕೆಡುತ್ತದೆ. ಮತ್ತೆ ಆನ್ ಮಾಡಿದಾಗ ಸ್ಟೋರೇಜ್ ಪರಿಶೀಲಿಸುತ್ತ ಕೂರುವುದು ಇದರಿಂದಲೇ. ಪದೇ ಪದೇ ಕರೆಂಟು ಹೋಗುವ ಊರುಗಳಲ್ಲಿ ರೆಸ್ಟ್ ಮೋಡ್ ಬಳಸದೆ ಪೂರ್ತಿ ಆಫ್ ಮಾಡುವ ರೂಢಿ ಇಟ್ಟುಕೊಳ್ಳಬೇಕು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದು ಸೈನ್ ವೇವ್ ಬಗೆಯದೇ ಎಂದು ನೋಡಿ, ಅದರ ಯುಪಿಎಸ್ ಮೋಡ್ ಸ್ವಿಚ್ ಹಾಕಿಡಿ. ಸಾಧಾರಣ ಮೋಡ್‌ನಲ್ಲಿ ಬದಲಾವಣೆಯ ಆ ಕ್ಷಣದಲ್ಲಿ ಕನ್ಸೋಲ್ ಆರಿಹೋಗಬಹುದು.

ಮುಂದಿನ ಯಂತ್ರಕ್ಕೆ ದಾಟುವಾಗ

ಮುಂದೆಂದಾದರೂ ಪ್ಲೇಸ್ಟೇಷನ್ 5 ಕೊಳ್ಳುವ ಯೋಚನೆಯಿದ್ದರೆ ಈಗ ಕೂಡಿಸಿದ ಆಟಗಳು ವ್ಯರ್ಥವಾಗುವುದಿಲ್ಲ. ಪಿಎಸ್4ರ ಬಹುತೇಕ ಎಲ್ಲ ಆಟಗಳೂ ಅದರಲ್ಲಿ ಓಡುತ್ತವೆ, ಹಲವು ಇನ್ನಷ್ಟು ಸರಾಗವಾಗಿ ಓಡುತ್ತವೆ. ಡಿಸ್ಕ್ ಸಂಗ್ರಹ ಇರುವವರು ಡಿಸ್ಕ್ ಡ್ರೈವ್ ಇರುವ ಮಾದರಿಯನ್ನೇ ಕೊಳ್ಳಬೇಕು. ಪಿಎಸ್4 ಆಟಗಳಿರುವ ಬಾಹ್ಯ ಡಿಸ್ಕನ್ನು ಕಿತ್ತು ನೇರವಾಗಿ ಪಿಎಸ್5ಕ್ಕೆ ಸಿಕ್ಕಿಸಿದರೆ ಆಟಗಳು ಅಲ್ಲಿಯೇ ತೆರೆಯುತ್ತವೆ. ಹಳೆಯ ಕಂಟ್ರೋಲರ್ ಪಿಎಸ್5ರಲ್ಲಿ ಪಿಎಸ್4 ಆಟಗಳಿಗೆ ನಡೆಯುತ್ತದೆ, ಪಿಎಸ್5ರ ಆಟಗಳಿಗೆ ನಡೆಯುವುದಿಲ್ಲ. ಸೇವ್‌ಗಳನ್ನು ಪೆನ್‌ಡ್ರೈವ್ ಮೂಲಕ, ಎರಡೂ ಯಂತ್ರಗಳನ್ನು ಒಂದೇ ನೆಟ್‌ವರ್ಕ್‌ಗೆ ಜೋಡಿಸಿ, ಅಥವಾ ಪ್ಲಸ್ ಚಂದಾ ಇದ್ದರೆ ಕ್ಲೌಡ್ ಮೂಲಕ ದಾಟಿಸಬಹುದು.

ಹಳೆಯ ಯಂತ್ರವನ್ನು ಮಾರುವುದಾದರೆ, ಅಥವಾ ತಮ್ಮನಿಗೋ ಅಕ್ಕನ ಮಕ್ಕಳಿಗೋ ಕೊಡುವುದಾದರೆ, ಸೇವ್‌ಗಳು ಹೊಸ ಯಂತ್ರದಲ್ಲಿ ತೆರೆಯುವುದನ್ನು ಕಣ್ಣಾರೆ ನೋಡುವವರೆಗೆ ಅದನ್ನು ಅಳಿಸಬೇಡಿ. ನೋಡಿದ ಮೇಲೆ ಪ್ರೈಮರಿ ಪಿಎಸ್4 ಎಂಬುದನ್ನು ಮೊದಲು ಆ ಯಂತ್ರದಲ್ಲೇ ನಿಷ್ಕ್ರಿಯಗೊಳಿಸಿ, ಅನಂತರ ಇನಿಷಿಯಲೈಸ್ ಮಾಡಿ, ಅಂದರೆ ಒಳಗಿರುವುದನ್ನೆಲ್ಲ ಅಳಿಸಿ. ಮರೆತು ಯಂತ್ರವನ್ನು ಕೈಬಿಟ್ಟರೆ ಸೋನಿಯ ವೆಬ್‌ಸೈಟಿನಿಂದಲೂ ನಿಷ್ಕ್ರಿಯಗೊಳಿಸಬಹುದು, ಆದರೆ ಆ ಅವಕಾಶ ಆರು ತಿಂಗಳಿಗೆ ಒಂದೇ ಸಲ.